ಲಾಕ್-ಇನ್ ಪೀರಿಯಡ್ ಅಲ್ಲ, ಕೊಟ್ಟ ಮಾತು

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆವು. ನಮ್ಮ ಟೀಮಿನ ಒಬ್ಬನ ಡೈವೋರ್ಸ್ ಆವತ್ತು ಕೋರ್ಟಿನಲ್ಲಿ ಮುಗಿಯುವುದಿತ್ತು, ಅವನು ರಜೆ ಹಾಕಿದ್ದ. ಅವನಿಲ್ಲದ ಟೇಬಲ್ಲಿನಲ್ಲಿ ಅವನದೇ ಮಾತು. ಮಧ್ಯದಲ್ಲಿ ಒಬ್ಬ ನನ್ನ ಕಡೆ ತಿರುಗಿ, "ಗುರು, ನಿಮ್ಮಲ್ಲಿ ಡೈವೋರ್ಸೇ ಇಲ್ವಂತಲ್ಲ? ಲೈಫ್‌ಟೈಮ್ ಲಾಕ್-ಇನ್ ಪೀರಿಯಡ್ಡಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತಾ ವಿಷಯ ಕ್ರಿಕೆಟ್ಟಿಗೆ ಹೋಯಿತು.

ಆದರೆ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತಲ್ಲೇ ನಿಂತಾಗ ಆ ಮಾತು ಮತ್ತೆ ನೆನಪಿಗೆ ಬಂತು. ನಗಬಾರದಿತ್ತು ಅನ್ನಿಸಿತು. ಧರ್ಮಕ್ಕೆ ಅವಮಾನ ಆಯಿತು ಅಂತ ಅಲ್ಲ, ಧರ್ಮಕ್ಕೆ ಅಷ್ಟು ಬೇಗ ಅವಮಾನ ಆಗುವುದಿಲ್ಲ. ನಮ್ಮ ಅಕ್ಕನ ಮುಖ ನೆನಪಾಯಿತು, ಅದಕ್ಕೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಂಟೀನಿನ ಗೆಳೆಯರ ಜೊತೆ ಜಗಳ ಇದೆ. ಅದಕ್ಕಿಂತ ದೊಡ್ಡ ಜಗಳ ನಮ್ಮವರ ಜೊತೆಯೇ ಇದೆ.

ನಮ್ಮದು ಕನಕಪುರದ ಕಡೆಯ ಹಳ್ಳಿ. ಕನ್ನಡ ಮಾತಾಡುವ ಕಥೋಲಿಕರು ನಾವು. ಬೆಂಗಳೂರಿನಲ್ಲಿ ಹೀಗೆಂದರೆ "ಓ, ಮಂಗಳೂರಾ? ಗೋವಾನಾ?" ಅಂತಾರೆ. ಇಲ್ಲ ಸ್ವಾಮಿ, ರಾಗಿ, ರೇಷ್ಮೆ, ಮುದ್ದೆ, ಉಪ್ಸಾರು. ಭಾನುವಾರ ಪೂಜೆ, ಸೋಮವಾರ ಹಿಪ್ಪುನೇರಳೆ ಸೊಪ್ಪು. ನಮ್ಮ ಹೆಣ್ಣುಮಕ್ಕಳ ಕೊರಳಲ್ಲೂ ತಾಳಿ ಇರುತ್ತೆ, ಅದರಲ್ಲಿ ಶಿಲುಬೆಯ ಗುರುತು ಇರುತ್ತೆ, ಅಷ್ಟೇ ವ್ಯತ್ಯಾಸ.

ಅಕ್ಕನ ಮದುವೆ 2005ರಲ್ಲಿ ಆಯಿತು. ನಾನಾಗ ಪಿಯುಸಿ. ಮೂರು ಭಾನುವಾರ ಗುಡಿಯಲ್ಲಿ ಇವಳ ಹೆಸರು, ಅವರ ಹೆಸರು ಓದಿದರು. ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ಬಂದು ಹೇಳಿ ಅಂತ ಕೇಳಿದರು. ಯಾರೂ ಏನೂ ಹೇಳಲಿಲ್ಲ. ಭಾವ ಕುಡಿದರೆ ಕೈ ಎತ್ತುತ್ತಾರೆ ಅನ್ನುವುದು ಅವರ ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿತ್ತಂತೆ. ಮದುವೆಗೆ "ಅಡ್ಡಿ" ಅಂದರೆ ಸಂಬಂಧದಲ್ಲಿ ಅಣ್ಣತಂಗಿ ಆಗಬೇಕು, ಇಲ್ಲವೇ ಮೊದಲೇ ಒಂದು ಮದುವೆ ಆಗಿರಬೇಕು ಅಂದುಕೊಂಡಿದ್ದರು. ಹೊಡೆಯುವುದು ಯಾವತ್ತು ಅಡ್ಡಿಯಾಗಿತ್ತು ಹೇಳಿ ನಮ್ಮಲ್ಲಿ!

ಎರಡನೇ ವರ್ಷಕ್ಕೆ ಅಕ್ಕ ಮೊದಲ ಸಲ ವಾಪಸ್ ಬಂದಳು. ಕಣ್ಣಿನ ಕೆಳಗೆ ನೀಲಿ. "ಬಚ್ಚಲಲ್ಲಿ ಜಾರ್ಬುಟ್ಟೆ" ಅಂದಳು. ಅವ್ವ ಏನೂ ಕೇಳದೆ ಅರಿಶಿನ ಹಚ್ಚಿದಳು. ಹದಿನೈದು ದಿನಕ್ಕೆ ಅಪ್ಪ "ನಡೀರಿ, ಬುಟ್ಬುಟ್ಟು ಬರೋಣ" ಅಂದರು. ಎರಡನೇ ಸಲ ಬಂದಾಗ ನಿಜ ಹೇಳಿದಳು. ಆ ಊರಿನ ಸ್ವಾಮಿಗಳ ಹತ್ತಿರ ಪಂಚಾಯಿತಿ ಆಯಿತು (ನಮ್ಮಲ್ಲಿ ಪಾದ್ರಿಗಳನ್ನು ಸ್ವಾಮಿಗಳು ಅಂತಲೇ ಕರೆಯುವುದು). ಅವರು ಕೆಟ್ಟವರಲ್ಲ, ಮೃದು ಮನುಷ್ಯ. ಭಾವನಿಗೆ "ಕುಡಿಯೋದು ಕಮ್ಮಿ ಮಾಡಪ್ಪ" ಅಂದರು. ಅಕ್ಕನಿಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ಮದುವೆ ಅಂದರೆ ಸಂಸ್ಕಾರ ಕಣಮ್ಮ, ದೇವರು ಕೂಡಿಸಿದ್ದು, ಯೇಸುಸ್ವಾಮಿ ಶಿಲುಬೆ ಹೊರಲಿಲ್ಲವಾ, ತಾಳ್ಮೆಯಿಂದ ಅವನನ್ನು ಗೆಲ್ಲು.

ಅವನಿಗೆ ಒಂದು ವಾಕ್ಯ, ಅವಳಿಗೆ ಅರ್ಧ ಗಂಟೆ. ಹೊಡೆದವನು ಅವನು!

ಆ ಸಲ ಅವಳನ್ನು ಬಿಟ್ಟು ಬಂದವನು ನಾನು. ಬಿಇ ಎರಡನೇ ವರ್ಷ, ಸೆಮಿಸ್ಟರ್ ರಜೆ. ಅವಳ ಬ್ಯಾಗು ನನ್ನ ಕೈಯಲ್ಲಿತ್ತು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ನೋಡುತ್ತಾ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಇಳಿಯುವಾಗ ನಾನೇ ಹೇಳಿದೆ, "ಅಡ್ಜಸ್ಟ್ ಮಾಡ್ಕೊಂಡು ಹೋಗಕ್ಕ" ಅಂತ. ಹತ್ತೊಂಬತ್ತು ವರ್ಷದ ಹುಡುಗ ನಾನು, ಹಾಸ್ಟೆಲ್ಲಿನಲ್ಲಿ ಫ್ಯಾನು ಸರಿಯಿಲ್ಲ ಅಂತ ವಾರ್ಡನ್ ಜೊತೆ ಮೂರು ದಿನ ಜಗಳ ಆಡಿದವನು, ಅಕ್ಕನಿಗೆ ಅಡ್ಜಸ್ಟ್ ಮಾಡ್ಕೋ ಅಂದೆ. ಇವತ್ತಿಗೂ ಆ ಮಾತನ್ನು ನಾನು ವಾಪಸ್ ತಗೊಂಡಿಲ್ಲ. ತಗೊಳ್ಳೋದಕ್ಕೆ ಆಗೋದೂ ಇಲ್ಲ.

ಮೂರನೇ ಸಲ ಅವಳು ಬಂದಾಗ ಎಡಗೈಗೆ ಪ್ಲಾಸ್ಟರ್ ಹಾಕಿತ್ತು.

ಈಗ ಕ್ಯಾಂಟೀನಿನ ಗೆಳೆಯರು "ನೋಡು, ನಾವು ಹೇಳಿದ್ದು ಇದನ್ನೇ ಅಲ್ವಾ?" ಅನ್ನಬಹುದು. ಬೀಗ ಹಾಕಿ ಕೀಲಿ ಬಾವಿಗೆ ಎಸೆಯೋ ಮದುವೆ ಇದು, ಅದಕ್ಕೇ ನಿಮ್ಮ ಅಕ್ಕನಿಗೆ ಹಾಗಾಯ್ತು ಅಂತ. ಸ್ವಲ್ಪ ನಿಲ್ಲಿ. ಬೀಗ ಯಾರಿಗೆ ಅಂತ ಮಾಡಿದ್ದರು, ನಾವು ಅದನ್ನು ಯಾರಿಗೆ ಹಾಕಿದೆವು, ನೋಡೋಣ.

ಯೇಸು ಆ ಮಾತು ಹೇಳಿದ ಸಂದರ್ಭವನ್ನು ಮಾರ್ಕ ಮತ್ತು ಮತ್ತಾಯ ಇಬ್ಬರೂ ಬರೆದಿದ್ದಾರೆ. ಫರಿಸಾಯರು ಬಂದು ಕೇಳಿದ್ದು, ಗಂಡ ಹೆಂಡತಿಯನ್ನು ಬಿಡಬಹುದಾ ಅಂತ. ಹೆಂಡತಿ ಗಂಡನನ್ನು ಬಿಡಬಹುದಾ ಅಂತ ಅಲ್ಲ. ಆ ಕಾಲದ ಯೆಹೂದ್ಯರಲ್ಲಿ ಬಿಡುಗಡೆ ಪತ್ರ ಬರೆದುಕೊಡುವ ಅಧಿಕಾರ ಗಂಡಸಿನದು. ಯಾವ ಕಾರಣಕ್ಕೆ ಬಿಡಬಹುದು ಅಂತ ಪಂಡಿತರಲ್ಲಿ ಎರಡು ಪಕ್ಷ. ಶಮ್ಮಾಯಿಯ ಕಡೆಯವರು, ಅವಳ ನಡತೆ ಕೆಟ್ಟರೆ ಮಾತ್ರ ಅಂದರು. ಹಿಲ್ಲೇಲನ ಕಡೆಯವರು, ಅಡುಗೆ ಸೀಯಿಸಿದರೂ ಸಾಕು ಅಂದರು. ಇದು ಅವರ ಮಿಶ್ನಾ ಗ್ರಂಥದಲ್ಲೇ ಇದೆ. ಸಾರು ತಳ ಹಿಡಿಯಿತು, ಹೋಗು ಆಚೆ! ಅಪ್ಪನ ಮನೆಯಲ್ಲೂ ಜಾಗ ಇಲ್ಲದ ಹೆಣ್ಣು ಎಲ್ಲಿಗೆ ಹೋಗಬೇಕು?

ಆ ಗಂಡಸರ ಮುಂದೆ ನಿಂತು ಯೇಸು ಹೇಳಿದ್ದು, ಬಿಡೋ ಹಾಗಿಲ್ಲ ಅಂತ. ಮೋಶೆ ಅನುಮತಿ ಕೊಟ್ಟಿದ್ದು ನಿಮ್ಮ ಕಲ್ಲು ಮನಸ್ಸು ನೋಡಿ ಅಂತ. ಮತ್ತಾಯ ಇನ್ನೊಂದು ವಿಷಯ ಬರೆಯುತ್ತಾನೆ. ಇದನ್ನು ಕೇಳಿದ ಶಿಷ್ಯರೇ ಗಾಬರಿಯಾಗಿ, ಹಾಗಾದರೆ ಮದುವೆ ಸಹವಾಸವೇ ಬೇಡ ಅನ್ನೋ ಅರ್ಥದ ಮಾತಾಡಿದರಂತೆ. ನಮ್ಮ ಕ್ಯಾಂಟೀನಿನ ಟೇಬಲ್ಲೇ ನೋಡಿ! ಎರಡು ಸಾವಿರ ವರ್ಷ ಆದರೂ ಗಂಡಸರ ರಿಯಾಕ್ಷನ್ ಬದಲಾಗಿಲ್ಲ.

ನಾನು ಇದನ್ನು ಓದೋದು ಹೀಗೆ. ಮದುವೆಯನ್ನು ಬಿಡಬಾರದು ಅನ್ನೋ ಮಾತು ಬಂದಿದ್ದು ಶಕ್ತಿ ಇದ್ದವನ ಕೈ ಹಿಡಿಯೋದಕ್ಕೆ. ಬೇಕಾದಾಗ ಬಿಸಾಡಬಲ್ಲವನಿಗೆ ಬಿಸಾಡಬೇಡ ಅನ್ನೋದಕ್ಕೆ. ಅದೇ ಮಾತನ್ನು ನಾವು ತಿರುಗಿಸಿ, ಏಟು ತಿನ್ನುವವಳ ಕಾಲಿಗೆ ಕಟ್ಟಿದ್ದೇವೆ.

ಇದು ನನ್ನ ಸ್ವಂತ ಮೊಂಡುವಾದ ಅಂದುಕೊಳ್ಳಬೇಡಿ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯ ತೆಗೆದು ನೋಡಿ. ಹೆಂಡತಿ ಗಂಡನನ್ನು ಬಿಟ್ಟು ಹೋಗಬಾರದು ಅಂತಾನೆ, ಹಿಂದೆಯೇ, ಹೋಗಿದ್ದೇ ಆದರೆ ಮರುಮದುವೆ ಆಗದೆ ಇರಲಿ ಅಥವಾ ರಾಜಿಯಾಗಲಿ ಅಂತಾನೆ. ಅಂದರೆ ಹೊರಟು ಹೋದ ಹೆಂಗಸರು ಆ ಸಭೆಯಲ್ಲೂ ಇರಬಹುದು ಅಂತ ಅವನಿಗೆ ಗೊತ್ತಿತ್ತು. ಅವರನ್ನು ಎಳೆದುಕೊಂಡು ಬನ್ನಿ ಅಂತ ಅವನು ಬರೆಯಲಿಲ್ಲ.

ಇನ್ನೂ ಬೇಕಾ? ಕಥೋಲಿಕ ಧರ್ಮಸಭೆಗೆ ತನ್ನದೇ ಕಾನೂನು ಪುಸ್ತಕ ಇದೆ, ಈಗಿರುವುದು 1983ರದು. ಅದರ 1153ನೇ ನಿಯಮ ಇದಕ್ಕೇ ಇದೆ. ಗಂಡನಾಗಲಿ ಹೆಂಡತಿಯಾಗಲಿ, ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯ ತಂದರೆ, ಆ ಇನ್ನೊಬ್ಬರಿಗೆ ಬಿಟ್ಟು ಹೋಗಲು ನ್ಯಾಯವಾದ ಕಾರಣ ಇದೆ. ಧರ್ಮಾಧ್ಯಕ್ಷರ ಕಡೆಯಿಂದ ಆದೇಶ ಪಡೆದು ಹೋಗಬಹುದು. ತಡ ಮಾಡಿದರೆ ಅಪಾಯ ಅನ್ನುವ ಹಾಗಿದ್ದರೆ ಯಾರನ್ನೂ ಕೇಳದೆ ತಾನೇ ಹೊರಡಬಹುದು. ಕಾರಣ ಮುಗಿದ ಮೇಲೆ ಮತ್ತೆ ಕೂಡಿ ಬಾಳಬೇಕು ಅಂತಲೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗಮನಿಸಿ, ಕಾರಣ ಮುಗಿದ ಮೇಲೆ. ಹದಿನೈದು ದಿನ ಮುಗಿದ ಮೇಲೆ ಅಲ್ಲ. ಪೋಪ್ ಫ್ರಾನ್ಸಿಸ್ 2016ರ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. ದುರ್ಬಲರಾದ ಸಂಗಾತಿಯನ್ನೋ ಮಕ್ಕಳನ್ನೋ ಹಿಂಸೆಯಿಂದ ಉಳಿಸಬೇಕಾದಾಗ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯ ಆಗಬಹುದು ಅಂತ.

ಇದನ್ನೆಲ್ಲ ನಮ್ಮ ಅಕ್ಕನಿಗೆ ಯಾರು ಹೇಳಿದರು? ಯಾರೂ ಇಲ್ಲ. ಅವಳಿಗೆ ಹೇಳಿದ್ದು ಶಿಲುಬೆ ಹೊರು ಅಂತ ಮಾತ್ರ.

ನನ್ನ ಮದುವೆಗೆ ಮುಂಚೆ ನಾನೂ ನನ್ನ ಹೆಂಡತಿಯೂ ಮದುವೆ ತಯಾರಿ ಶಿಬಿರಕ್ಕೆ ಹೋಗಿದ್ದೆವು. ಸರ್ಟಿಫಿಕೇಟ್ ಇಲ್ಲದೆ ಗುಡಿಯಲ್ಲಿ ಮದುವೆ ಮಾಡಲ್ಲ. ದುಡ್ಡು ಹೇಗೆ ನಿಭಾಯಿಸಬೇಕು, ಅತ್ತೆ ಸೊಸೆ ಹೇಗಿರಬೇಕು, ಮಕ್ಕಳಿಗೆ ಪ್ರಾರ್ಥನೆ ಹೇಗೆ ಕಲಿಸಬೇಕು, ಎಲ್ಲ ಹೇಳಿದರು. ಒಳ್ಳೆಯ ಕ್ಲಾಸುಗಳೇ. 1153 ಅನ್ನೋ ಸಂಖ್ಯೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಇಂಡಸ್ಟ್ರಿಯಲ್ಲಿ ಹೊಸ ಆಫೀಸಿಗೆ ಸೇರಿದ ದಿನವೇ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಅಂತ ತೋರಿಸುತ್ತಾರೆ. ಬಾಗಿಲು ತೋರಿಸಿದ ಮಾತ್ರಕ್ಕೆ ಯಾರೂ ಕೆಲಸ ಬಿಟ್ಟು ಓಡುವುದಿಲ್ಲ.

ಸರ್ಕಾರದ ಕಾನೂನಾದರೂ ನೆಟ್ಟಗಿತ್ತಾ ಅಂದರೆ, ಅದರ ಕಥೆ ಇನ್ನೂ ಚೆಂದ. ನಮಗೆ ಅನ್ವಯಿಸುವ ವಿಚ್ಛೇದನ ಕಾಯ್ದೆ 1869ರದು, ಬ್ರಿಟಿಷರು ಮಾಡಿದ್ದು. ಅದರ ಪ್ರಕಾರ ಗಂಡನಿಗೆ, ಹೆಂಡತಿಗೆ ಬೇರೆಯವನ ಸಂಬಂಧ ಇದೆ ಅಂತ ಸಾಬೀತಾದರೆ ಸಾಕು, ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನಿಗೆ ಬೇರೆ ಸಂಬಂಧವೂ ಇರಬೇಕು, ಅದರ ಜೊತೆಗೆ ಕ್ರೌರ್ಯವೋ, ಎರಡು ವರ್ಷ ಬಿಟ್ಟು ಹೋಗಿದ್ದೋ, ಅಂಥದ್ದು ಇನ್ನೊಂದು ಸೇರಬೇಕು. ಬರೀ ಹೊಡೆದರೆ ಬೇರೆ ಇರಲು ಆದೇಶ ಕೊಡುತ್ತಿದ್ದರು, ವಿಚ್ಛೇದನ ಇಲ್ಲ. 1995ರಲ್ಲಿ ಕೇರಳ ಹೈಕೋರ್ಟು ಈ ತಾರತಮ್ಯವನ್ನು ಹೊಡೆದುಹಾಕಿತು. ಪಾರ್ಲಿಮೆಂಟು ಕಾಯ್ದೆ ತಿದ್ದಿದ್ದು 2001ರಲ್ಲಿ. ನೂರ ಮೂವತ್ತೆರಡು ವರ್ಷ! ಇಬ್ಬರೂ ಕೊಟ್ಟಿದ್ದು ಒಂದೇ ಮಾತು, ಮುರಿದಾಗ ಮಾತ್ರ ಅವನಿಗೊಂದು ರೇಟು, ಇವಳಿಗೊಂದು ರೇಟು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ, ಯಾಕೆಂದರೆ ನಮ್ಮ ಹುಡುಗರಿಗೇ ಇದು ಗೊತ್ತಿರುವುದಿಲ್ಲ. ಧರ್ಮಸಭೆಯ ನ್ಯಾಯಮಂಡಳಿ ಕೆಲವು ಸಲ ಮದುವೆ ಅಸಿಂಧು ಅಂತ ತೀರ್ಪು ಕೊಡುತ್ತದೆ. ಅದು ವಿಚ್ಛೇದನ ಅಲ್ಲ. ಬಲವಂತದಿಂದ ಒಪ್ಪಿಸಿದ್ದರು, ಮೋಸ ಮಾಡಿದ್ದರು, ಹೀಗೆ ಏನಾದರೂ ಇದ್ದು ಆ ಮದುವೆ ಮೊದಲಿಂದಲೂ ಕೂಡಿಕೊಂಡೇ ಇರಲಿಲ್ಲ ಅನ್ನುವ ತೀರ್ಪು. ಆ ತೀರ್ಪನ್ನೇ ಸರ್ಕಾರವೂ ಒಪ್ಪಿಕೊಳ್ಳಲಿ ಅಂತ ಮಂಗಳೂರಿನ ಕ್ಲಾರೆನ್ಸ್ ಪಾಯಿಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಗುಡಿಯ ತೀರ್ಪು ಗುಡಿಗೆ, ಕೋರ್ಟಿನ ತೀರ್ಪು ಕಾನೂನಿಗೆ. ಎರಡೂ ಬೇಕಿದ್ದವರು ಎರಡು ಕಡೆ ಅಲೆಯಬೇಕು. ಆದರೆ ಏಟಿನಿಂದ ತಪ್ಪಿಸಿಕೊಳ್ಳಲು ಇವೆರಡಕ್ಕೂ ಕಾಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಇದೆ. ವಿಚ್ಛೇದನ ಕೇಳದೆಯೇ ರಕ್ಷಣೆಯ ಆದೇಶ ಪಡೆಯಬಹುದು, ಇದ್ದ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ಅಕ್ಕನ ಮದುವೆ ವರ್ಷವೇ ಪಾಸಾದ ಕಾಯ್ದೆ. ನಮ್ಮ ಮನೆಗೆ ಅದರ ಸುದ್ದಿ ಬಂದಿದ್ದು ಪ್ಲಾಸ್ಟರ್ ಬಂದ ಮೇಲೆ.

ಸರಿ, ಇಷ್ಟೆಲ್ಲ ಬೈದ ಮೇಲೆ ನಾನು ಕ್ಯಾಂಟೀನಿನ ಕಡೆ ಸೇರಿದೆ ಅಂದುಕೊಂಡರೆ, ಇಲ್ಲ. ಈಗ ನಿಮ್ಮ ಸರದಿ.

ಕಮಿಟ್‌ಮೆಂಟ್ ಅಂದರೆ ನಮಗೆ ಭಯ. "ವರ್ಕೌಟ್ ಆಗದಿದ್ರೆ ನೋಡೋಣ" ಅಂತ ಮದುವೆಗೆ ಮುಂಚೆಯೇ ಹೇಳಿಕೊಳ್ಳುತ್ತೇವೆ. ನನಗೆ ಇದರಲ್ಲಿ ಒಂದೇ ಪ್ರಶ್ನೆ. ವರ್ಕೌಟ್ ಆಗುತ್ತಿಲ್ಲ ಅಂತ ಮೊದಲು ಅನ್ನಿಸುವುದು ಯಾರಿಗೆ? ಕಷ್ಟದಲ್ಲಿ ಬಿದ್ದವರಿಗಾ, ಆ ಕಷ್ಟ ನೋಡಿ ಬೇಜಾರಾದವರಿಗಾ?

ನನ್ನದೇ ಹೇಳುತ್ತೇನೆ. ನಮಗೆ ಮಗಳು ಹುಟ್ಟಿದ ಮೇಲೆ ನನ್ನ ಹೆಂಡತಿ ಎಂಟು ತಿಂಗಳು ಮನುಷ್ಯಳಾಗಿರಲಿಲ್ಲ. ಡಾಕ್ಟರು ಹೆರಿಗೆ ನಂತರದ ಡಿಪ್ರೆಷನ್ ಅಂದರು, ಮಾತ್ರೆ ಕೊಟ್ಟರು. ರಾತ್ರಿಯೆಲ್ಲ ಅಳು. ಮಗು ಅತ್ತರೆ ಗೋಡೆ ನೋಡಿಕೊಂಡು ಕೂರುತ್ತಿದ್ದಳು. ನನ್ನನ್ನು ಕಂಡರೆ ಸಿಟ್ಟು. ಅದೇ ಹೊತ್ತಿಗೆ ಆಫೀಸಿನಲ್ಲಿ ಆನ್‌ಸೈಟ್ ಬಂತು, ಒಂದೂವರೆ ವರ್ಷ. ಅತ್ತೆಯವರು ನೋಡಿಕೊಳ್ಳುತ್ತಾರೆ, ದುಡ್ಡು ಅವಳ ಟ್ರೀಟ್‌ಮೆಂಟಿಗೇ ಆಗುತ್ತದೆ ಅಂತ ನನಗೆ ನಾನೇ ಲೆಕ್ಕ ಒಪ್ಪಿಸಿಕೊಂಡೆ. ವೀಸಾ ಪೇಪರು ಕೂಡ ತುಂಬಿದೆ. ಪ್ರೀತಿ ಆ ದಿನಗಳಲ್ಲಿ ನನ್ನೊಳಗೆ ಎಲ್ಲೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಮನೆಯ ಬಾಗಿಲು ತೆಗೆಯುವಾಗ ಹೊಟ್ಟೆ ಹಿಂಡುತ್ತಿತ್ತು.

ಹೋಗದೆ ಉಳಿದಿದ್ದು ಪ್ರೀತಿಯಿಂದಲ್ಲ, ಕೊಟ್ಟ ಮಾತಿನಿಂದ. ನಮ್ಮಲ್ಲಿ ಮದುವೆ ಮಾಡಿಸುವುದು ಸ್ವಾಮಿಗಳಲ್ಲ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಲ್ಯಾಟಿನ್ ಪದ್ಧತಿಯಲ್ಲಿ ಆ ಸಂಸ್ಕಾರವನ್ನು ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು. ಸ್ವಾಮಿಗಳು ಸಭೆಯ ಪರವಾಗಿ ನಿಂತ ಸಾಕ್ಷಿ. ಕಾಯಿಲೆ ಬಂದರೂ ಕಷ್ಟ ಬಂದರೂ ನಿನಗೆ ನಿಷ್ಠನಾಗಿರುತ್ತೇನೆ, ಪ್ರೀತಿಸುತ್ತೇನೆ, ಗೌರವಿಸುತ್ತೇನೆ ಅನ್ನುವ ಅರ್ಥದ ಮಾತನ್ನು ಊರಿನವರ ಮುಂದೆ ನನ್ನ ಬಾಯಲ್ಲೇ ಹೇಳಿದ್ದೆ. ಅದು ಪ್ರೀತಿ ಉಕ್ಕುವ ದಿನಕ್ಕೆ ಬೇಕಾದ ಮಾತೇ ಅಲ್ಲ. ಅಂಥ ದಿನ ಯಾರು ಬೇಕಾದರೂ ಜೊತೆಗಿರುತ್ತಾರೆ. ಆನ್‌ಸೈಟ್ ಪೇಪರು ಕೈಯಲ್ಲಿ ಹಿಡಿದ ದಿನಕ್ಕೆ ಬೇಕಾದ ಮಾತು ಅದು. ನಾನು ಮ್ಯಾನೇಜರಿಗೆ ಇಲ್ಲ ಅಂದೆ. ಅವಳು ಹುಷಾರಾದಳು, ನಿಧಾನಕ್ಕೆ. ಆಗದೇ ಹೋಗಿದ್ದರೂ ಮಾತು ಅದೇ ಇರುತ್ತಿತ್ತು.

ಆದ್ದರಿಂದ ಶಾಶ್ವತ ಅನ್ನುವ ಮಾತಿನ ಬಗ್ಗೆ ನಗಬೇಡಿ. ಕಾಯಿಲೆ ಬಿದ್ದವರಿಗೆ, ಕೆಲಸ ಕಳೆದುಕೊಂಡವರಿಗೆ, ವಯಸ್ಸಾದವರಿಗೆ ಅದು ದೊಡ್ಡ ಆಸರೆ. ಆದರೆ ನಮ್ಮ ಗುಡಿಯವರೇ, ನಮ್ಮ ಹಿರಿಯರೇ, ಆ ಮಾತಿನಲ್ಲಿ 'ಗೌರವಿಸುತ್ತೇನೆ' ಅನ್ನುವುದೂ ಇದೆ. ಮೊದಲ ಏಟಿಗೇ ಅದು ಮುರಿದು ಬಿತ್ತು. ಮುರಿದವನು ಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿರುತ್ತಾನೆ, ಬ್ಯಾಗು ಹಿಡಿದು ಬಂದವಳಿಗೆ ನೀವು ಮದುವೆ ಮುರಿಯಬೇಡಮ್ಮ ಅಂತೀರಿ. ಎಫೆಸದವರಿಗೆ ಬರೆದ ಪತ್ರದಿಂದ ಹೆಂಡತಿ ಅಧೀನಳಾಗಿರಲಿ ಅನ್ನುವುದನ್ನು ಎಷ್ಟು ಸಲ ಓದಿದ್ದೀರಿ! ಅದರ ಹಿಂದಿನ ವಾಕ್ಯ ಇಬ್ಬರಿಗೂ ಅನ್ವಯಿಸುವ ಅಧೀನತೆ. ಮುಂದೆ ಗಂಡಂದಿರಿಗೆ ಹೇಳಿರುವುದು, ಕ್ರಿಸ್ತ ತನ್ನ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸಿ ಅಂತ. ಶಿಲುಬೆಯ ಲೆಕ್ಕ ಅಲ್ಲಿ ಗಂಡನ ಹೆಸರಿನಲ್ಲಿದೆ. ಅವಳ ಹೆಗಲಿಗೆ ಯಾಕೆ ದಾಟಿಸಿದಿರಿ?

ನನ್ನದು ದೊಡ್ಡ ಬೇಡಿಕೆಗಳೇನಲ್ಲ. ಮದುವೆ ತಯಾರಿ ಶಿಬಿರದಲ್ಲಿ ಒಂದು ಗಂಟೆ ಇದಕ್ಕೆ ಕೊಡಿ, ಏಟು ಬಿದ್ದರೆ ಹೊರಡುವುದು ಪಾಪ ಅಲ್ಲ ಅಂತ ಹುಡುಗ ಹುಡುಗಿ ಇಬ್ಬರಿಗೂ ಹೇಳಿ. ಪಂಚಾಯಿತಿ ಬಂದರೆ ಅರ್ಧ ಗಂಟೆಯ ಬುದ್ಧಿಮಾತು ಹೊಡೆದವನಿಗೆ ಇರಲಿ. ಬೆಂಗಳೂರಿನಲ್ಲಿ ಸಂಪಾದಿಸುವ ನನ್ನಂಥ ತಮ್ಮಂದಿರೇ, ಊರಿಂದ ಫೋನು ಬಂದಾಗ "ಅಡ್ಜಸ್ಟ್" ಅನ್ನುವ ಪದವನ್ನು ಬಾಯಿಗೆ ತರಬೇಡಿ. ಬಸ್ ಹತ್ತಿ ಹೋಗಿ. ಬ್ಯಾಗು ಹಿಡಿದುಕೊಳ್ಳಿ, ಆದರೆ ಮನೆಯ ದಿಕ್ಕಿಗೆ ನಡೆಯಿರಿ.

ಮೂರನೇ ಸಲ ಅಕ್ಕ ಬಂದಾಗ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಮನೆ ತುಂಬ ಸೊಪ್ಪಿನ ವಾಸನೆ. ಅಪ್ಪ ಮತ್ತೆ ಸ್ವಾಮಿಗಳ ಹತ್ತಿರ ಹೋಗೋಣ ಅಂತ ಶರ್ಟು ಹಾಕಿಕೊಂಡರು. ಓದು ಬರಹ ಬಾರದ ನಮ್ಮವ್ವ, 1153ನೇ ನಿಯಮ ಕೇಳಿರದ ನಮ್ಮವ್ವ, ಬಾಗಿಲಿಗೆ ಅಡ್ಡ ನಿಂತಳು. "ನನ್ ಮಗ್ಳು ಎಲ್ಗೂ ಬರಾಕಿಲ್ಲ. ಸ್ವಾಮ್ಗಳು ಬೇಕಾದ್ರೆ ಇಲ್ಗೇ ಬಂದು ಅವ್ಳ ಕೈ ನೋಡ್ಕೊಂಡೋಗ್ಲಿ" ಅಂದಳು. ಆ ಬೆಳೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದ ವಾರವೇ ಹುಳುಮನೆಯ ಅರ್ಧಕ್ಕೆ ಗೋಡೆ ಎಬ್ಬಿಸಿ ಅಕ್ಕನಿಗೆ ರೂಮು ಮಾಡಿದರು. ಈಗ ಅಲ್ಲೇ ಅವಳ ಹೊಲಿಗೆ ಮಿಷನ್ನು, ಮಗನ ಪುಸ್ತಕ, ಗೋಡೆಗೊಂದು ಶಿಲುಬೆ.

ಅಕ್ಕ ಡೈವೋರ್ಸ್ ತಗೊಂಡಿಲ್ಲ, ಅದು ಅವಳ ಇಷ್ಟ. ಈಗಲೂ ಭಾನುವಾರ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಮೊದಮೊದಲು ಜನ ಗುಸುಗುಸು ಅಂದರಂತೆ. ಒಬ್ಬ ಹಿರಿಯರು ನೇರವಾಗಿಯೇ, "ದೇವ್ರ ಮುಂದೆ ಕೊಟ್ಟ ಮಾತು ಮುರಿದ್ಯಲ್ಲವ್ವ" ಅಂದರಂತೆ. ಅಕ್ಕ ಹೇಳಿದ್ದಿಷ್ಟು:

"ನಾ ಕೊಟ್ಟ ಮಾತು ಮುರ್ದಿಲ್ಲ ಮಾವ. ಏಟ್ ತಿಂತೀನಿ ಅಂತ ಮಾತ್ ಕೊಟ್ಟಿರ್ಲಿಲ್ಲ."